ವಕೀಲ ಕಾಕಾ ಕೇಳಿಸಿಕೊಂಡ ಮಾತು

ವಕೀಲ ಕಾಕಾ ಅವರನ್ನು ಮಣ್ಣು ಮಾಡಿ ಬಂದ ಮೇಲೆ ಅವರ ಮಗಳ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಛತ್ರಪತಿ ಸಂಭಾಜಿನಗರದ ಬಿಸಿಲು ಶಾಮಿಯಾನದ ಬಟ್ಟೆ ದಾಟಿ ತಲೆಗೆ ತಾಗುತ್ತಿತ್ತು. ನಾಸಿಕ್‌ನಿಂದ ಬಂದಿದ್ದ ಹಿರಿಯ ವಕೀಲರೊಬ್ಬರು ಎದ್ದು ನಿಂತು ಮರಾಠಿಯಲ್ಲಿ ನಾಲ್ಕು ಮಾತು ಆಡಿದರು. ಜೀವಮಾನವೆಲ್ಲ ಕ್ರಿಮಿನಲ್ ಕೇಸು ನಡೆಸಿದ ಮನುಷ್ಯ, ಕಕ್ಷಿದಾರ ನಂಬಿ ಹೇಳಿದ ಒಂದು ಮಾತನ್ನೂ ಹೊರಗೆ ಬಿಡದೆ ಹೋದರು ಎಂದರು. ಕೂತವರೆಲ್ಲ ತಲೆಯಾಡಿಸಿದರು. ನನ್ನ ಪಕ್ಕದಲ್ಲಿದ್ದ ಕಾಕು, ಅಂದರೆ ಅವರ ಹೆಂಡತಿ, ಸೆರಗಿನ ಮರೆಯಲ್ಲಿ ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಕಾಕಾ ಒಂದು ಮಾತನ್ನು ಹೊರಗೆ ಬಿಟ್ಟಿದ್ದರು. ಬಿಟ್ಟ ದಿನ ನಾನು ಜೊತೆಗಿದ್ದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಕಲಬುರಗಿಗೆ ವಾಪಸು ಬಂದ ಮೇಲೂ ಯೋಚಿಸಿದೆ. ಕಡೆಗೆ ಕಾಕುವನ್ನೇ ಫೋನಿನಲ್ಲಿ ಕೇಳಿದೆ.

"ಬರಿಯವ್ವ," ಅಂದರು. "ಹೆಸರು ಮಾತ್ರ ಯಾರದೂ ಹಾಕಬ್ಯಾಡ. ಅವರದೂ ಹಾಕಬ್ಯಾಡ."

ನಾನು ಬ್ಯಾಂಕಿನವಳು. ನಾಸಿಕ್ ರೋಡಿನ ಶಾಖೆಗೆ ವರ್ಗವಾಗಿ ಹೋದಾಗ ಒಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಒಂದು ಮನೆಯ ಮುಂದೆ ಮರಾಠಿಯಲ್ಲಿ ವಕೀಲರ ಫಲಕವಿತ್ತು. ಕರೆಗಂಟೆ ಒತ್ತುವ ಮೊದಲೇ ಒಳಗಿನಿಂದ, "ಹಾಲು ಉಕ್ಕಲಕತ್ತದ, ಯಾರರ ನೋಡ್ರಿ," ಎಂಬ ಬೀದರ ಕಡೆಯ ಕನ್ನಡ ಕೇಳಿಸಿತು. ಆ ಮನೆಯ ಮಾಳಿಗೆಯೇ ನನ್ನ ಮನೆಯಾಯಿತು. ವಕೀಲರು ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ಕಾಕಾ ನನ್ನನ್ನು ಕಡೆಯವರೆಗೂ ಮರಾಠಿಯಲ್ಲಿ ಹೆಂಗಸರನ್ನು ಕರೆಯುವಂತೆ 'ಬಾಯಿ' ಎಂದೇ ಕರೆದರು, ಬಹುವಚನ ಬಿಡಲಿಲ್ಲ.

ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಯಾರಾದರೂ ಮಾತಾಡುವಾಗ ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ನೆಲಕ್ಕಿಟ್ಟು ಕೇಳುತ್ತಿದ್ದರು. ಮಾತು ಮುಗಿದ ಮೇಲೂ ಒಂದು ಗಳಿಗೆ ಹಾಗೇ ಇರುತ್ತಿದ್ದರು, ಇನ್ನೂ ಏನೋ ಬರುವುದಿದೆ ಎನ್ನುವಂತೆ. ಎದುರಿಗಿದ್ದವರು ಆ ಮೌನ ತಡೆಯಲಾರದೆ ಹೇಳಬಾರದೆಂದು ಇಟ್ಟುಕೊಂಡಿದ್ದನ್ನೂ ಹೇಳಿಬಿಡುತ್ತಿದ್ದರು. ನಾನೂ ಹಾಗೆ ಎಷ್ಟೋ ಹೇಳಿದ್ದೇನೆ.

ದಿನಾ ಬೆಳಗ್ಗೆ ಸ್ನಾನವಾದ ಮೇಲೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ. ಹಣೆಯ ತುಂಬ ವಿಭೂತಿ. ಆದರೆ ಕೋರ್ಟಿಗೆ ಹೊರಡುವಾಗ ಬಾಗಿಲ ಬಳಿ ನಿಂತು ಕರವಸ್ತ್ರದಿಂದ ಅದನ್ನು ಪೂರ್ತಿ ಒರೆಸಿಕೊಳ್ಳುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ.

"ಕೋರ್ಟಿನಾಗ ನನ್ನ ಬಾಯಿ ಮಾತಾಡ್ಬೇಕ್ರಿ, ಹಣಿ ಮಾತಾಡಬಾರದು," ಎಂದರು.

ಹಾಗೆಯೇ ಸಂಜೆ ಬಂದೊಡನೆ ಕರಿ ಕೋಟು ವರಾಂಡದ ಗೂಟಕ್ಕೆ. ಅದು ಹೊಸ್ತಿಲು ದಾಟುತ್ತಿರಲಿಲ್ಲ. ಕಳ್ಳರ ಪರ, ಕೊಲೆಗಾರರ ಪರ ವಾದಿಸುತ್ತೀರಲ್ಲ, ಪಾಪ ಅನಿಸುವುದಿಲ್ಲವೇ ಎಂದು ನೆಂಟರೊಬ್ಬರು ಊಟದ ಹೊತ್ತಿನಲ್ಲಿ ಕೆಣಕಿದ್ದರು. ಕಾಕಾ ರೊಟ್ಟಿ ಮುರಿಯುತ್ತಲೇ ಹೇಳಿದರು: "ನಮ್ಮ ಕೋರ್ಟಿನಾಗ ಪಾಪ ಅನ್ನೋ ಕಲಮೇ ಇಲ್ರಿ. ಸಾಬೀತು ಆದದ್ದು, ಆಗಲಾರದ್ದು, ಎರಡೇ ಅದಾವ. ಪಾಪದ ಕೋರ್ಟು ಬ್ಯಾರೆ ಅದ. ಅಲ್ಲಿ ನನ್ನ ವಕಾಲತ್ತು ನಡೆಯಂಗಿಲ್ಲ."

ಇದು ಅವರ ಬಾಯಿಮಾತಾಗಿರಲಿಲ್ಲ. ನಮ್ಮ ಓಣಿಯಲ್ಲಿ ಮದುವೆಯಾಗದೆ ಒಟ್ಟಿಗಿದ್ದ ಒಬ್ಬ ಹುಡುಗನನ್ನೂ ಹುಡುಗಿಯನ್ನೂ ಮನೆ ಬಿಡಿಸಬೇಕೆಂದು ಹಿರಿಯರೆಲ್ಲ ಸೇರಿ ಸಭೆ ಮಾಡಿದರು. ಓಣಿಗೆ ಪಾಪ ಸುತ್ತುತ್ತದೆ ಎಂದು ಒಬ್ಬರು, ಮಕ್ಕಳು ಕೆಡುತ್ತವೆ ಎಂದು ಇನ್ನೊಬ್ಬರು. ಕಾಕಾ ಎಲ್ಲರದನ್ನೂ ತಲೆ ವಾಲಿಸಿ ಕೇಳಿ ಎದ್ದು ನಿಂತರು. "ಪಾಪ ಮಾಡಿದ್ರ ಅವರು ಅವರ ದೇವರಿಗೆ ಹೇಳ್ಕೋತಾರ. ಗುನ್ಹಾ ಮಾಡಿದ್ರ ಪೊಲೀಸರಿಗೆ ನೀವು ಹೇಳ್ರಿ. ಎರಡೂ ಅಲ್ಲಂದ್ರ ಮನಿಗೆ ಹೋಗಿ ಊಟ ಮಾಡ್ರಿ, ಆರಿ ಹೋಗ್ತದ," ಎಂದು ಮರಾಠಿಯಲ್ಲಿ ಹೇಳಿ, ಅದನ್ನೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಸಭೆ ಅಲ್ಲಿಗೇ ಚದುರಿತು. ಅವರ ಜೀವನದಲ್ಲಿ ಪಾಪ ಮತ್ತು ಅಪರಾಧ ಎಂಬ ಎರಡು ಕೋಣೆಗಳ ನಡುವಿನ ಗೋಡೆ ಅಷ್ಟು ಗಟ್ಟಿಯಾಗಿತ್ತು.

ಸಂಭಾಜಿನಗರ ಜಿಲ್ಲೆಯ ಗಂಗಾಪುರದ ಕಡೆಯ ಒಬ್ಬ ಜಮೀನುದಾರ ಅವರ ಹಳೆಯ ಕಕ್ಷಿದಾರ. ಹೊಲದ ತಂಟೆಗಳಿಗೆಲ್ಲ ಇವರ ಹತ್ತಿರವೇ ಬರುತ್ತಿದ್ದ. ಬಿಳಿ ಬಟ್ಟೆ, ಮೆಲ್ಲನೆಯ ಮಾತು, ಬಂದಾಗಲೆಲ್ಲ ಒಂದು ಚೀಲ ಮೋಸಂಬಿ. ಕಾಕುವಿನ ಕಾಲು ಮುಟ್ಟಿ ನಮಸ್ಕರಿಸದೆ ಕೂಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ಅಣ್ಣ ಬಾವಿಯಲ್ಲಿ ಬಿದ್ದು ಸತ್ತಿದ್ದ. ತಳ್ಳಿ ಕೊಂದದ್ದೆಂದು ಕೇಸಾಗಿ, ಅವರ ಹೊಲದಲ್ಲೇ ದುಡಿಯುತ್ತಿದ್ದ ಆಳಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಅಣ್ಣನ ಮಕ್ಕಳನ್ನು ಈತನೇ ಸಾಕುತ್ತಿದ್ದಾನೆ, ಪುಣ್ಯವಂತ ಎಂದು ಕಾಕು ಮೋಸಂಬಿ ಹಂಚುವಾಗ ನನಗೆ ಹೇಳಿದ್ದರು.

ಒಂದು ದಿನ ಆತ ಬಂದು ವರಾಂಡಕ್ಕೆ ಹೊಂದಿದ ಆಫೀಸು ಕೋಣೆಯ ಬಾಗಿಲು ಹಾಕಿಸಿಕೊಂಡು ಬಹಳ ಹೊತ್ತು ಕೂತ. ನಾನು ಬ್ಯಾಂಕಿನಿಂದ ಬರುವಾಗ ಅವನ ಜೀಪು ಹೊರಡುತ್ತಿತ್ತು. ಕಾಕಾ ಮೆಟ್ಟಿಲ ಮೇಲೆ ನಿಂತಿದ್ದರು. ಮೈಮೇಲೆ ಕರಿ ಕೋಟು ಹಾಗೇ ಇತ್ತು. ನಾನು ಮಾತಾಡಿಸಿದೆ, ಕೇಳಿಸಲಿಲ್ಲ. ಅದೇ ಕೋಟಿನಲ್ಲಿ ಒಳಗೆ ಹೋದರು.

ಆಮೇಲಿನ ತಿಂಗಳುಗಳಲ್ಲಿ ಅವರು ಬೇರೆಯೇ ಮನುಷ್ಯರಾದರು. ಕಾಕು ನನ್ನ ಬಳಿ ಬಂದು ಕಣ್ಣೀರು ಹಾಕಿದರು. "ಕೈಯಾಗ ಲಿಂಗ ಹಿಡದು ಕೂಡ್ತಾರವ್ವ, ಕಣ್ ಮುಚ್ಚಂಗಿಲ್ಲ. ಹಾಂಗೇ ನೋಡ್ಕೋತ ಕೂಡ್ತಾರ. ಕಣ್ ಮುಚ್ಚಿದ್ರ ಯಾರೋ ಕಾಣಸ್ತಾರೇನೋ ಅನ್ನಂಗ. ಏನಾಗ್ಯದ ಅಂದ್ರ ಏನೂ ಇಲ್ಲ ಅಂತಾರ." ವಿಭೂತಿ ಹಚ್ಚುವುದೂ ನಿಂತಿತ್ತು. ಒರೆಸಿಕೊಳ್ಳಲು ಹಣೆಯ ಮೇಲೆ ಏನೂ ಇಲ್ಲದಿದ್ದರೂ ಬಾಗಿಲ ಬಳಿ ಬಂದಾಗ ಕರವಸ್ತ್ರ ತೆಗೆದು ಹಣೆ ತಿಕ್ಕುವುದು ಮಾತ್ರ ನಿಲ್ಲಲಿಲ್ಲ.

ಆ ವರ್ಷ ಗಂಗಾಪುರದ ಆ ಜಮೀನುದಾರ ತ್ರ್ಯಂಬಕೇಶ್ವರದಲ್ಲಿ ದೊಡ್ಡ ಪೂಜೆ ಇಟ್ಟುಕೊಂಡ. ದುರ್ಮರಣಕ್ಕೆ ಈಡಾದವರ ಶಾಂತಿಗೂ ತಿಳಿದೋ ತಿಳಿಯದೆಯೋ ಆದ ಪಾಪದ ಪರಿಹಾರಕ್ಕೂ ದೂರದೂರದಿಂದ ಬಂದು ಜನ ಅಲ್ಲಿ ಮಾಡಿಸುವ ಪೂಜೆ ಅದು. ಅಣ್ಣನ ಹೆಸರಿನಲ್ಲಿ ಮಾಡಿಸುತ್ತಿದ್ದೇನೆ, ಕಡೆಯ ದಿನಕ್ಕೆ ಬರಲೇಬೇಕೆಂದು ಕರೆದ. ಬ್ಯಾಂಕಿಗೆ ರಜೆಯಿತ್ತು, ಕಾಕು ನನ್ನನ್ನೂ ಹೊರಡಿಸಿದರು. ಶೇರ್ ಜೀಪಿನಲ್ಲಿ ಕಾಕಾ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಬೆಟ್ಟದ ಕಡೆ ನೋಡುತ್ತಿದ್ದರು.

ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿಯುತ್ತ ಬಂದಿತ್ತು. ಪೂಜೆ ಮಾಡಿಸಿದ ಗುರೂಜಿ ವಯಸ್ಸಾದವರು, ಲಾಡ್ಜಿನ ಪಡಸಾಲೆಯಲ್ಲಿ ದಣಿದು ಕೂತಿದ್ದರು. ಕಾಕಾ ಅವರ ಎದುರು ನೆಲದ ಮೇಲೆ ಕೂತು ಮರಾಠಿಯಲ್ಲಿ ಕೇಳಿದರು: "ಗುರೂಜಿ, ಮಾಡಿಸುವವನು ಯಾವ ಪಾಪ ಮಾಡಿದ್ದಾನೆಂದು ನೀವು ಕೇಳುತ್ತೀರಾ?"

"ಕೇಳುವುದಿಲ್ಲ," ಎಂದರು ಗುರೂಜಿ. "ಕೇಳಿದರೆ ಇದು ಪೊಲೀಸ್ ಠಾಣೆಯಾಗುತ್ತದೆ. ಸಂಕಲ್ಪ ಅವನ ಬಾಯಿಂದ, ಉಳಿದದ್ದು ಮಹಾದೇವನಿಗೆ ಬಿಟ್ಟದ್ದು." ಸ್ವಲ್ಪ ತಡೆದು ಹೇಳಿದರು: "ಯಾರಿಗೆ ಅನ್ಯಾಯ ಮಾಡಿದ್ದೀಯೋ ಮೊದಲು ಅವರ ಹತ್ತಿರ ಹೋಗು, ಆಮೇಲೆ ಇಲ್ಲಿಗೆ ಬಾ ಅಂತಲೂ ಹೇಳುತ್ತೇವೆ. ಇಲ್ಲಿಗೆ ಬರುವುದು ಸುಲಭ. ಅಲ್ಲಿಗೆ ಯಾರು ಹೋಗುತ್ತಾರೆ?"

ಆಗ ಜಮೀನುದಾರ ಒದ್ದೆ ತಲೆಯಲ್ಲಿ, ಹೊಸ ಧೋತರದಲ್ಲಿ ಬಂದ. ಮುಖ ಮಗುವಿನ ಮುಖದಂತೆ ತಿಳಿಯಾಗಿತ್ತು. ಕಾಕಾರ ಕಾಲಿಗೆ ಬಿದ್ದು, "ಆತಾ ಮೋಕಳಾ ಝಾಲೋ, ಸಾಹೇಬ್," ಎಂದ. ಈಗ ಬಿಡುಗಡೆಯಾಯಿತು ಎಂದು ಅದರ ಅರ್ಥ. ಕಾಕಾ ಆಶೀರ್ವಾದಕ್ಕೆ ಕೈ ಎತ್ತಲಿಲ್ಲ. ಹಿಂದೆ ಸರಿದು, ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆಯುತ್ತ ನಿಂತರು. ಹಿಂದೆ ಕಾದು ನಿಂತವರು ಗೊಣಗುವವರೆಗೂ ತೊಳೆಯುತ್ತಲೇ ಇದ್ದರು. ಪೂಜೆಯ ಮನೆಯಲ್ಲಿ ಹೀಗೇಕೆ ನಡೆದುಕೊಂಡರೆಂದು ನನಗೆ ತಿಳಿಯಲಿಲ್ಲ. ಕಾಕುವಿಗೆ ನಾಚಿಕೆಯಾಗಿತ್ತು.

ಅದಾದ ಮೇಲೆ ಅವರು ಆಗಾಗ ಔರಂಗಾಬಾದಿಗೆ ಹೋಗತೊಡಗಿದರು. ಫಲಕಗಳಲ್ಲಿ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದು ಬದಲಾಗಿದ್ದರೂ ಅಲ್ಲಿ ಕಾನೂನು ಓದಿದ ಅವರ ಬಾಯಲ್ಲಿ ಹಳೆಯ ಹೆಸರೇ ಇತ್ತು. ಮಗಳ ಮನೆಗೆ ಎನ್ನುತ್ತಿದ್ದರು. ಆದರೆ ಮಗಳು ಕಾಕುವಿಗೆ ಫೋನು ಮಾಡಿ, ಅಪ್ಪ ಬೆಳಗಿನ ಬಸ್ಸಿಗೆ ಬಂದರೂ ಮನೆಗೆ ಬರುವುದು ಮಧ್ಯಾಹ್ನ ಕಳೆದ ಮೇಲೆ, ನಡುವೆ ಎಲ್ಲಿರುತ್ತಾರೋ ಹೇಳುವುದಿಲ್ಲ ಎಂದಿದ್ದಳು.

ಒಂದು ಭಾನುವಾರ ಬೆಳಗ್ಗೆ ಅವರು ನನ್ನ ಮಾಳಿಗೆಗೆ ಬಂದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಮೆಟ್ಟಿಲು ಹತ್ತಿ ಬಂದವರಲ್ಲ. ಕುರ್ಚಿ ಎಳೆದುಕೊಟ್ಟೆ. ಕೂಡಲಿಲ್ಲ.

"ಆ ಹುಡುಗ ಸತ್ತ," ಎಂದರು.

ಯಾವ ಹುಡುಗ ಎಂದು ಕೇಳಿದೆ. ಆಗ ಎಲ್ಲವನ್ನೂ ಹೇಳಿದರು. ಅಂದು ಬಾಗಿಲು ಹಾಕಿಸಿಕೊಂಡು ಕೂತಿದ್ದಾಗ, ಬಾವಿಗೆ ಅಣ್ಣನನ್ನು ತಳ್ಳಿದವನು ತಾನೇ ಎಂದು ಜಮೀನುದಾರ ಹೇಳಿದ್ದ. ಬಾವಿಯ ನೀರಿನ ಪಾಳಿಯ ಜಗಳ. ಅದಕ್ಕೆ ಹಿಂದಿನ ದಿನ ಸಂತೆಯಲ್ಲಿ ಆ ಆಳು ಧಣಿಯ ಜೊತೆ ಬಾಯಿ ಮಾಡಿದ್ದನ್ನು ಹತ್ತು ಜನ ನೋಡಿದ್ದರಿಂದ ಕೇಸು ಅವನ ಮೇಲೆ ಹೋಯಿತು. ಕೇಸು ಮತ್ತೆ ತೆರೆಯುವ ಭಯವೇನಾದರೂ ಇದೆಯೇ ಎಂದು ಸಲಹೆ ಕೇಳಲು ಬಂದಿದ್ದನಂತೆ. ಆ ಆಳು ಈಗ ಜೈಲಿನಲ್ಲಿ ಕಾಮಾಲೆಯಾಗಿ ತೀರಿಹೋಗಿದ್ದ.

"ನೀವು ಯಾರಿಗೂ ಹೇಳ್ಲಿಲ್ಲೇನ್ರಿ?" ಎಂದೆ.

"ಹೇಳಾಕ ಬರಂಗಿಲ್ಲ, ಬಾಯಿ. ಕಕ್ಷಿದಾರ ಹೇಳಿದ್ದು ಅವನ ಒಪ್ಪಿಗಿ ಇಲ್ದ ನನ್ನ ಬಾಯಿಂದ ಹೊರಗ ಬರಬಾರದು. ಬಂದ್ರೂ ಕೋರ್ಟ್ ತಗೊಳ್ಳಂಗಿಲ್ಲ. ಈ ಕಾನೂನು ಕೆಟ್ಟದ್ದಲ್ಲ. ಇದು ಇರಲಿಲ್ಲಂದ್ರ ವಕೀಲನ ಮುಂದ ಯಾವ ನಿರಪರಾಧಿನೂ ಬಾಯಿ ಬಿಡಂಗಿಲ್ಲ. ಅದಕ್ಕೇ ನನಗ ಯಾರಿಗೆ ಬೈಬೇಕೋ ತಿಳಿವಲ್ದು." ಕಿಟಕಿಯ ಸರಳು ಹಿಡಿದುಕೊಂಡರು. "ಅವನಿಗೆ ಕೈ ಮುಗದೆ. ನೀನೇ ಹೋಗಿ ಹೇಳಪಾ ಅಂದೆ. ಅಂವ ತ್ರ್ಯಂಬಕಕ್ಕ ಹೋದ. ಅಲ್ಲಿಂದ ಬಂದ ಮ್ಯಾಲೂ ಕೇಳಿದೆ. ಏನಂದ ಗೊತ್ತದೇನು? 'ಪಾಪ ತ್ರ್ಯಂಬಕದಾಗ ಹೋಯ್ತು. ಗುನ್ಹಾ ಕೋರ್ಟು ಬ್ಯಾರೆಯವನ ಹೆಸರಿಗೆ ಬರದದ. ನನ್ನ ಹತ್ರ ಇನ್ನೇನು ಉಳದದ, ಸಾಹೇಬ?' ಅಂದ. ಚಲೋ ನಿದ್ದಿ ಬರ್ತದಂತ ಅವನಿಗೆ."

ಹೈಕೋರ್ಟಿನ ಪೀಠ ಔರಂಗಾಬಾದಿನಲ್ಲಿತ್ತು. ಅಲ್ಲಿ ತಮ್ಮ ಹಳೆಯ ಜೂನಿಯರ್ ಒಬ್ಬಳಿಗೆ ಆ ಆಳಿನ ಮೇಲ್ಮನವಿಯನ್ನು ಇವರೇ ವಹಿಸಿದ್ದರು. ಈ ಕೇಸೇ ಯಾಕೆ ಸರ್ ಎಂದು ಅವಳು ಕೇಳಿದರೆ, ಸರಿಯಾಗಿ ಓದು ಎಂದಷ್ಟೇ ಹೇಳಿದ್ದರು. ಎಲ್ಲಿ ಓದಬೇಕೆಂದು ಬೆರಳಿಟ್ಟು ತೋರಿಸಿದರೂ ಅದು ಗುಟ್ಟು ಬಿಟ್ಟುಕೊಟ್ಟಂತೆ ಎಂದು ಬೆರಳು ಹಿಂದೆ ತೆಗೆದುಕೊಂಡಿದ್ದರು. ಮನವಿ ಸರದಿಯಲ್ಲಿತ್ತು. ಇವರು ಔರಂಗಾಬಾದಿಗೆ ಹೋದಾಗಲೆಲ್ಲ ಅಲ್ಲಿನ ಜೈಲಿನ ಗೇಟಿನ ಎದುರು ಹೋಗಿ ಕೂಡುತ್ತಿದ್ದರು. ಭೇಟಿಗೆ ಬಂದವರು ಕಾಯುವ ಮರವೊಂದಿತ್ತಂತೆ. ಆ ಆಳಿನ ತಾಯಿ ಗಂಗಾಪುರದ ಕಡೆಯಿಂದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಬಂದು ಅದೇ ಮರದ ಕೆಳಗೆ ಕೂಡುತ್ತಿದ್ದಳು.

"ಒಂದಿನ ಆಕೀನೇ ಮಾತಾಡ್ಸಿದ್ಲು. ನಿಮ್ಮವರು ಯಾರು ಒಳಗ ಅದಾರ ಅಂತ ಕೇಳಿದ್ಲು. ಅದಾರ ಒಬ್ರು ಅಂದೆ. ಬುತ್ತಿ ಬಿಚ್ಚಿ ಅರ್ಧಾ ಜ್ವಾಳದ ಭಾಕ್ರಿ ಕೊಟ್ಲು. ತಿಂದೆ."

ಆಮೇಲೆ ಕಿಟಕಿಯ ಸರಳು ಬಿಟ್ಟು ನನ್ನ ಕಡೆ ತಿರುಗಿದರು. ಗಂಗಾಪುರಕ್ಕೆ ಹೋಗಿ ಆ ತಾಯಿಗೆ ಹೇಳುತ್ತೇನೆ, ಜೊತೆಗೆ ಬನ್ನಿ ಎಂದರು. ನಾನೇಕೆ ಎಂದೆ.

"ನಾ ನಡುವ ಮಾತು ನುಂಗಿದ್ರ ನೀವು ಪೂರಾ ಮಾಡ್ರಿ."

ಮುಂದಿನ ಭಾನುವಾರ ಹೋದೆವು. ಗಂಗಾಪುರದ ಸ್ಟ್ಯಾಂಡಿನಲ್ಲಿಳಿದು ಆಟೋ ಹಿಡಿದು, ಹತ್ತಿ ಹೊಲಗಳ ನಡುವೆ ಹೋಗಬೇಕಾದ ಊರು. ದಾರಿಯಲ್ಲಿ ಜಮೀನುದಾರನ ಎರಡು ಅಂತಸ್ತಿನ ಮನೆ ಸಿಕ್ಕಿತು. ಕಾಕಾ ಅತ್ತ ನೋಡಲಿಲ್ಲ. ಆ ತಾಯಿಯ ಮನೆ ಊರ ಅಂಚಿನಲ್ಲಿತ್ತು, ತಗಡಿನ ಮಾಡು, ಸಾರಿಸಿದ ಅಂಗಳ. ಆಕೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ತಲೆಯೆತ್ತಿ ನೋಡಿ ಕಾಕಾರ ಗುರುತು ಹಿಡಿದಳು. ಮುಖ ಅರಳಿತು.

"ಭಾವು, ನೀವಾ? ನಿಮ್ಮ ಮನುಷ್ಯ ಹೊರಗೆ ಬಂದನಾ?" ಎಂದು ಕೇಳಿದಳು. ಆಕೆ ಆಡಿದ್ದು ಮರಾಠಿ, ಭಾವು ಎಂದರೆ ಅಣ್ಣ; ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಕಾ ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಆಕೆಯೇ ಚಾಪೆ ಹಾಸಿದಳು. ನನ್ನದು ಹೋಯಿತು ಭಾವು, ನಿಮ್ಮದಾದರೂ ಬರಲಿ ಎಂದಳು. ಇವರು ಚಾಪೆಯ ಮೇಲೆ ಕೂಡದೆ ಮಣ್ಣಿನ ಮೇಲೆ ಕೂತರು. ನಾನು ವಕೀಲ, ಎಂದರು. ನಿಮ್ಮ ಮಗ ಆ ಕೊಲೆ ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು, ಎಂದರು. ಮಾತು ನಡುವೆ ನಿಲ್ಲಲಿಲ್ಲ. ನನ್ನ ನೆರವು ಬೇಕಾಗಲಿಲ್ಲ.

ಆಕೆ ಮೊರವನ್ನು ಕೆಳಗಿಟ್ಟಳು. "ಅವನು ಮಾಡಿಲ್ಲ ಅಂತ ನನಗೆ ಗೊತ್ತು. ನಾನು ಹೆತ್ತವಳು. ನಿಮಗೆ ಯಾವಾಗಿನಿಂದ ಗೊತ್ತು?"

"ನೀವು ಭಾಕ್ರಿ ಕೊಟ್ಟಿರಲ್ಲ, ಅದಕ್ಕಿಂತ ಮೊದಲಿನಿಂದ."

ಹಾಗಾದರೆ ಮಾಡಿದವನು ಯಾರು ಎಂದು ಕೇಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಆಕೆ ಅದನ್ನು ಕೇಳಲೇ ಇಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿಯೋ, ಅಥವಾ ಆಕೆಗೆ ಅದು ಬೇಡವಾಗಿತ್ತೋ. ಆಕೆ ಕೇಳಿದ್ದು ಬೇರೆ.

"ಅವನಿಗೆ ಹೇಳಿದ್ದಿರಾ?"

ಕಾಕಾ ತಲೆ ವಾಲಿಸಿದರು. ಅರ್ಥವಾಗಲಿಲ್ಲವೆಂದು ತೋರುತ್ತದೆ.

"ನನ್ನ ಮಗನಿಗೆ. ನೀನು ಮಾಡಿಲ್ಲಪ್ಪ ಅಂತ ನನಗೆ ಗೊತ್ತು, ಅಂತ. ನೀವು ಗೇಟಿನವರೆಗೆ ಬರುತ್ತಿದ್ದಿರಿ. ವಕೀಲರು ಒಳಗೆ ಹೋಗಬಹುದಲ್ಲ. ಒಮ್ಮೆಯಾದರೂ ಹೇಳಿದ್ದಿರಾ?"

"ಇಲ್ಲ," ಎಂದರು ಕಾಕಾ.

"ಹೋದಾಗಲೆಲ್ಲ ನನ್ನನ್ನು ಕೇಳುತ್ತಿದ್ದ. ಆಯಿ, ನಿನ್ನನ್ನು ಬಿಟ್ಟು ಇನ್ನೊಬ್ಬರಾದರೂ ನನ್ನನ್ನು ನಂಬುತ್ತಾರಾ ಅಂತ. ಇಲ್ಲ ಮಗಾ, ನಾನೊಬ್ಬಳೇ ಅನ್ನುತ್ತಿದ್ದೆ. ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ." ಆಕೆ ಅಳಲಿಲ್ಲ. "ನೀವು ಹೊರಗೆ ಮರದ ಕೆಳಗೇ ಕೂತಿದ್ದಿರಿ."

ಆಮೇಲೆ ಎದ್ದು ಒಳಗೆ ಹೋದಳು. ನಾವು ಅಂಗಳದಲ್ಲಿ ಕಾದೆವು. ಆಕೆ ಮತ್ತೆ ಹೊರಗೆ ಬರಲಿಲ್ಲ. ಒಳಗೆ ಪಾತ್ರೆ ಸದ್ದಾಗುತ್ತಿತ್ತು, ಒಲೆ ಹೊತ್ತಿಸಿದ ಹೊಗೆ ಬಾಗಿಲಿನಿಂದ ಬಂತು. ದಿನದ ಕೆಲಸ ನಡೆದಿತ್ತು. ಕಡೆಗೆ ನಾನೇ ಕಾಕಾರ ರಟ್ಟೆ ಹಿಡಿದು ಎಬ್ಬಿಸಿದೆ.

ಮರುದಿನದಿಂದ ಅವರು ಕೋರ್ಟಿಗೆ ಹೋಗಲಿಲ್ಲ. ಜೂನಿಯರ್‌ಗೆ ಎಲ್ಲವನ್ನೂ ಹೇಳಿದರು. ಇದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಮಗೇ ಗೊತ್ತಲ್ಲ ಸರ್ ಎಂದು ಅವಳು ಅತ್ತಳಂತೆ. ಆದರೂ ಸತ್ತವನ ಹೆಸರಿನ ಕಳಂಕ ಹೋಗಲೆಂದು ಆ ತಾಯಿಯ ಕಡೆಯಿಂದ ಮೇಲ್ಮನವಿ ಮುಂದುವರಿಸಿದ್ದಾಳೆ. ಅದು ಇನ್ನೂ ನಡೆದಿದೆ. ಜಮೀನುದಾರ ಚೆನ್ನಾಗಿದ್ದಾನೆ. ಅಂತ್ಯಕ್ರಿಯೆಗೆ ಬಂದಿದ್ದ, ಹಾರ ತಂದಿದ್ದ.

ನಾಸಿಕ್ ರೋಡಿನ ಮನೆ ಮಾರಿ ಅವರು ಮಗಳ ಊರಿಗೆ ಹೋದರು, ನನಗೂ ಕಲಬುರಗಿಗೆ ವರ್ಗವಾಯಿತು. ಕಡೆಯ ಸಲ ನೋಡಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಕಾಕು ಚಹಾ ಮಾಡಲು ಒಳಗೆ ಹೋದಾಗ ನನ್ನನ್ನು ಹತ್ತಿರ ಕರೆದರು. ದನಿ ಸಣ್ಣದಾಗಿತ್ತು.

"ಬಾಯಿ, ಪುಸ್ತಕ ಎಲ್ಲಾ ತಗಸಿ ಮತ್ತ ನೋಡಿದೆ. 'ನೀ ಮಾಡಿಲ್ಲಂತ ನಾ ನಂಬೀನಪಾ' ಅಂತ ಅವನಿಗೆ ಅನ್ನಾಕ ಯಾವ ಕಾನೂನೂ ಅಡ್ಡ ಇರಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

"ಯಾವ ಧರ್ಮನೂ ಅಡ್ಡ ಇರಲಿಲ್ಲ," ಎಂದರು. "ನನಗ ಹೊಳೀಲೇ ಇಲ್ಲ."